ಹೇಗ್‌ನ ಕಡತ, ಸರಾಯೆವೊದ ಕೋರ್ಟು: ಯುದ್ಧಾಪರಾಧ ತರಬೇತಿ ಸಾಮಗ್ರಿ ಎಷ್ಟು ಕೆಲಸಕ್ಕೆ ಬರುತ್ತದೆ?

ಯುದ್ಧಾಪರಾಧದ ಮೊಕದ್ದಮೆ ನಡೆಸಬೇಕಾದ ನ್ಯಾಯಾಧೀಶರಿಗೂ ಪ್ರಾಸಿಕ್ಯೂಟರುಗಳಿಗೂ ತರಬೇತಿ ಕೊಡಲು ಪುಕ್ಕಟೆ ಸಿಗುವ ಸಾಮಗ್ರಿಯಲ್ಲಿ 1990ರ ದಶಕದ ಯುದ್ಧಗಳಲ್ಲಿ ಒಡೆದುಹೋದ ಹಳೆಯ ಯುಗೊಸ್ಲಾವಿಯಾದ ಪ್ರಕರಣಗಳಿಂದ ಹುಟ್ಟಿಕೊಂಡದ್ದು ಎದ್ದು ಕಾಣುತ್ತದೆ. ವಿಶ್ವಸಂಸ್ಥೆ ಹೇಗ್‌ನಲ್ಲಿ ಕಟ್ಟಿದ ಯುಗೊಸ್ಲಾವಿಯಾ ನ್ಯಾಯಮಂಡಳಿಯೂ ಅಪರಾಧ ಮತ್ತು ನ್ಯಾಯದ ಸಂಶೋಧನೆ ನಡೆಸುವ ವಿಶ್ವಸಂಸ್ಥೆಯ ಅಂಗ, ಟ್ಯೂರಿನ್‌ನ ಯುನಿಕ್ರಿ ಸಂಸ್ಥೆಯೂ ಸೇರಿ 2009ರಲ್ಲಿ ಹೊರತಂದ ಕಾರ್ಯವಿಧಾನದ ಕೈಪಿಡಿ ಒಂದು. ಇಂಟರ್‌ನ್ಯಾಷನಲ್ ಕ್ರಿಮಿನಲ್ ಲಾ ಸರ್ವಿಸಸ್ ಎಂಬ ಸಂಸ್ಥೆ ಅದಾದ ಮೇಲೆ ಸಿದ್ಧಪಡಿಸಿದ ತರಬೇತಿ ಮಾಡ್ಯೂಲುಗಳು ಇನ್ನೊಂದು. ಇವೆರಡರ ಬೆನ್ನಿಗೆ ನ್ಯಾಯಮಂಡಳಿಯ ದಾಖಲೆಗಳ ಡೇಟಾಬೇಸುಗಳಿವೆ. ಈ ಮೂರನ್ನೂ ಒಂದೇ ಕಿಟ್ ಎಂದು ಹಿಡಿದು ಇಲ್ಲಿ ತೂಗಿದ್ದೇವೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡೋಣ. ಕೈಪಿಡಿ ಚೆನ್ನಾಗಿದೆ, ಡೇಟಾಬೇಸು ಅಮೂಲ್ಯ. ಮಾಡ್ಯೂಲುಗಳು ಕಾನೂನನ್ನು ಅಚ್ಚುಕಟ್ಟಾಗಿ ಕಲಿಸುತ್ತವೆ, ಆದರೆ ಇಂಥ ಮೊಕದ್ದಮೆಗಳು ಬಿದ್ದುಹೋಗುವ ಜಾಗ ಕಾನೂನಲ್ಲ. ಹಳ್ಳಿಯಲ್ಲಿ ನಡೆದ ಕೊಲೆಗೂ ದೂರದ ಕಚೇರಿಯಲ್ಲಿ ಕೂತ ಆರೋಪಿಗೂ ನಡುವಿನ ಕೊಂಡಿಯನ್ನು ಸಾಕ್ಷ್ಯದಿಂದ ಕಟ್ಟುವುದು ಕಷ್ಟ. ಆ ಕಸುಬನ್ನು ಈ ಕಿಟ್ ಅರ್ಧಕ್ಕೇ ಬಿಡುತ್ತದೆ. ಉಳಿದರ್ಧವನ್ನು ತರಬೇತುದಾರರೇ ತುಂಬಿಕೊಳ್ಳಬೇಕು. ಹೇಗೆ ಎನ್ನುವುದನ್ನು ಮುಂದೆ ವಿವರಿಸಿದ್ದೇವೆ.

ಇಷ್ಟೆಲ್ಲ ಸಾಮಗ್ರಿ ಯಾಕೆ ಬೇಕಾಯಿತು ಎನ್ನುವುದು ಅಂಕಿಗಳಿಂದಲೇ ಗೊತ್ತಾಗುತ್ತದೆ. ಭದ್ರತಾ ಮಂಡಳಿಯ 827ನೇ ನಿರ್ಣಯದಿಂದ 1993ರ ಮೇ 25ರಂದು ಹುಟ್ಟಿ 2017ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿದ ನ್ಯಾಯಮಂಡಳಿ ದೋಷಾರೋಪ ಹೊರಿಸಿದ್ದು 161 ಜನರ ಮೇಲೆ ಮಾತ್ರ. ಅವರಲ್ಲೂ 13 ಆರೋಪಿಗಳನ್ನು ಊರಿನ ಕೋರ್ಟುಗಳಿಗೇ ಕಳಿಸಿತು: ಬೋಸ್ನಿಯಾಕ್ಕೆ 10, ಕ್ರೊಯೇಷಿಯಾಕ್ಕೆ 2, ಸರ್ಬಿಯಾಕ್ಕೆ 1. ಉಳಿದ ಸಾವಿರಾರು ಶಂಕಿತರ ಪಾಡು ಸ್ಥಳೀಯ ನ್ಯಾಯಾಲಯಗಳದ್ದು. ಆ ಕೋರ್ಟುಗಳ ಕಡತ ಹೇಗಿದ್ದವು? 1996ರ ರೋಮ್ ಒಪ್ಪಂದದ ನಂತರ ಬೋಸ್ನಿಯಾದ ಪ್ರಾಸಿಕ್ಯೂಟರುಗಳು ತಮ್ಮ ಕಡತಗಳನ್ನು ಹೇಗ್‌ಗೆ ಕಳಿಸಿ ಒಪ್ಪಿಗೆ ಪಡೆಯಬೇಕಿತ್ತು. 4,985 ಶಂಕಿತರ 1,419 ಕಡತಗಳನ್ನು ಹೇಗ್‌ನವರು ಓದಿದರು. ಮುಂದುವರಿಯಲು ಒಪ್ಪಿಗೆ ಸಿಕ್ಕಿದ್ದು 848 ಜನರ ವಿಷಯದಲ್ಲಿ. ತರಬೇತಿ ಎಲ್ಲಿಂದ ಶುರುವಾಗಬೇಕಿತ್ತು ಎನ್ನುವುದಕ್ಕೆ ಬೇರೆ ಸಮೀಕ್ಷೆ ಬೇಕಿಲ್ಲ.

2005ರ ಮಾರ್ಚ್‌ನಲ್ಲಿ ಸರಾಯೆವೊದ ಬೋಸ್ನಿಯಾ ನ್ಯಾಯಾಲಯದಲ್ಲಿ ಯುದ್ಧಾಪರಾಧ ಪೀಠ ತೆರೆಯಿತು. 2008ರ ಡಿಸೆಂಬರಿನ ರಾಷ್ಟ್ರೀಯ ಕಾರ್ಯನೀತಿ ಕ್ಲಿಷ್ಟ ಪ್ರಕರಣಗಳಿಗೆ 7 ವರ್ಷ, ಉಳಿದವಕ್ಕೆ 15 ವರ್ಷ ಎಂದು ಗಡುವು ಹಾಕಿಕೊಂಡಿತು (ಗಡುವು ಉಳಿಯಲಿಲ್ಲ). ಈ ಹಿನ್ನೆಲೆಯಲ್ಲಿ 2010ರ ಮೇನಲ್ಲಿ ಐರೋಪ್ಯ ಒಕ್ಕೂಟದ 40 ಲಕ್ಷ ಯೂರೋ ಹಣದಲ್ಲಿ 18 ತಿಂಗಳ ಯೋಜನೆಯೊಂದು ಆರಂಭವಾಯಿತು. ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ (ಓಎಸ್‌ಸಿಇ) ಮಾನವ ಹಕ್ಕು ಕಚೇರಿ ಓಡಿಹರ್, ನ್ಯಾಯಮಂಡಳಿ ಮತ್ತು ಯುನಿಕ್ರಿ ಅದನ್ನು ನಡೆಸಿದವು. ಮಾಡ್ಯೂಲುಗಳು ಬಂದದ್ದು ಈ ಯೋಜನೆಯಿಂದಲೇ.

ಯೋಜನೆಯ ಅತ್ಯಂತ ಉಪಯುಕ್ತ ಕೆಲಸ ತರಬೇತಿಯಲ್ಲ, ಟೈಪಿಂಗ್ ಎಂದರೆ ತಮಾಷೆಯಾಗಿ ಕೇಳಿಸೀತು. ಆದರೆ ಮಾತು ನಿಜ. ಹೇಗ್‌ನಲ್ಲಿ ಸಾಕ್ಷಿಗಳು ಬೋಸ್ನಿಯನ್, ಕ್ರೊಯೇಷಿಯನ್, ಸರ್ಬಿಯನ್ ಭಾಷೆಗಳಲ್ಲಿ ಮಾತಾಡುತ್ತಿದ್ದರು. ವಿಚಾರಣೆಯ ಲಿಖಿತ ನಡಾವಳಿ ಮಾತ್ರ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ. ಸಾಕ್ಷಿಯ ಸ್ವಂತ ಭಾಷೆಯ ಮಾತು ಧ್ವನಿಮುದ್ರಿಕೆಯಲ್ಲಿ ಉಳಿದಿತ್ತೇ ಹೊರತು ಕಾಗದದ ಮೇಲೆ ಇರಲಿಲ್ಲ. ಬೋಸ್ನಿಯಾದ ಬಾನ್ಯಾ ಲುಕಾ ಪಟ್ಟಣದ ವಕೀಲನೊಬ್ಬ ಅದೇ ಸಾಕ್ಷಿಗೆ ಪಾಟೀ ಸವಾಲು ಹಾಕಬೇಕಾದರೆ, ಆಕೆ ತನ್ನ ಭಾಷೆಯಲ್ಲಿ ಆಡಿದ ಮಾತಿನ ಇಂಗ್ಲಿಷ್ ಅನುವಾದವನ್ನು ಮತ್ತೆ ಆಕೆಯ ಭಾಷೆಗೆ ತಂದು ಮುಂದಿಡಬೇಕಿತ್ತು. "ನಾನು ಹಾಗೆ ಹೇಳಿಲ್ಲ" ಎಂದು ಆಕೆ ಹೇಳಿದರೆ ಅಲ್ಲಿಗೆ ಮುಗಿಯಿತು. ಯೋಜನೆಯವರು ಧ್ವನಿಮುದ್ರಿಕೆ ಕೇಳಿ ಸುಮಾರು 60,000 ಪುಟಗಳ ನಡಾವಳಿಯನ್ನು ಸ್ಥಳೀಯ ಭಾಷೆಗಳಲ್ಲಿ ಬರೆಸಿದರು. ಯಾವ ಉಪನ್ಯಾಸವೂ ಇಷ್ಟು ಕೆಲಸಕ್ಕೆ ಬಂದಿರಲಿಕ್ಕಿಲ್ಲ.

ಇನ್ನು ಕೈಪಿಡಿ. ತನಿಖೆಯಿಂದ ಹಿಡಿದು ದೋಷಾರೋಪ ಪಟ್ಟಿ, ಬಂಧನ, ಪೂರ್ವ ವಿಚಾರಣೆ, ಸಾಕ್ಷ್ಯ, ತೀರ್ಪಿನ ಕರಡು, ಮೇಲ್ಮನವಿ, ಸಾಕ್ಷಿ ರಕ್ಷಣೆ, ಆರೋಪಿಯ ಪರ ವಕೀಲರ ನೇಮಕದವರೆಗೆ ಕೋರ್ಟಿನ ಕೆಲಸ ಹೇಗೆ ನಡೆಯಿತು ಎಂದು ನಡೆಸಿದವರೇ ಬರೆದಿದ್ದಾರೆ. ಸಿದ್ಧಾಂತ ಕಡಿಮೆ. ದೊಡ್ಡ ದಾಳಿಯ ಪ್ರಕರಣದಲ್ಲಿ ಆರೋಪ ಪಟ್ಟಿಯ ಜೊತೆ ಏನೇನು ಲಗತ್ತಿಸಬೇಕು, ನೂರಾರು ಸಾಕ್ಷಿಗಳಿರುವಾಗ ಸಮಯ ಹೇಗೆ ಹಂಚಬೇಕು, ತೀರ್ಪು ಬರೆಯುವ ಕೆಲಸವನ್ನು ವಿಚಾರಣೆ ಮುಗಿಯುವ ಮೊದಲೇ ಹೇಗೆ ಶುರು ಮಾಡಿಕೊಳ್ಳಬೇಕು ಎನ್ನುವಂಥದ್ದು. ನ್ಯಾಯಾಧೀಶರು ಕೊನೆಯದನ್ನು ತಪ್ಪದೆ ಓದಬೇಕು. ವರ್ಷಗಟ್ಟಲೆ ಎಳೆದ ವಿಚಾರಣೆ ಮುಗಿದ ಮೇಲೆ ಮೊದಲ ಪುಟದಿಂದ ತೀರ್ಪು ಬರೆಯಲು ಕೂತರೆ ಮೊದಲ ವರ್ಷದ ಸಾಕ್ಷಿಯ ಮುಖವೂ ನೆನಪಿರುವುದಿಲ್ಲ. ಸಾಕ್ಷಿ ಇಳಿದ ವಾರದಲ್ಲೇ ಸಾರಾಂಶ, ವಿಶ್ವಾಸಾರ್ಹತೆಯ ಟಿಪ್ಪಣಿ, ಯಾವ ಆರೋಪದ ಯಾವ ಪ್ಯಾರಾಗೆ ಸಂಬಂಧ ಎಂಬ ಗುರುತು ಬರೆದಿಟ್ಟುಕೊಳ್ಳುವುದೇ ದಾರಿ.

ಕೈಪಿಡಿಯ ಕೊರತೆ ಎಂದರೆ, ಹೇಗ್‌ನಲ್ಲಿ ಇದ್ದಷ್ಟು ಕೈಗಳು ಊರಿನ ಕೋರ್ಟಿನಲ್ಲಿ ಇರುವುದಿಲ್ಲ ಎನ್ನುವುದನ್ನು ಅದು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಪ್ರತಿ ಪೀಠಕ್ಕೆ ಕಾನೂನು ಸಹಾಯಕರ ತಂಡ, ಪ್ರಾಸಿಕ್ಯೂಷನ್‌ಗೆ ವಿಶ್ಲೇಷಕರು, ಅನುವಾದಕರು. ಜಿಲ್ಲಾ ಮಟ್ಟದ ಕಚೇರಿಯಲ್ಲಿ ಒಬ್ಬ ಪ್ರಾಸಿಕ್ಯೂಟರ್, ಕೈಗೆ ಹತ್ತಾರು ಕಡತ, ಕಳ್ಳತನದ ಕೇಸೂ ಅದರಲ್ಲೇ. ಓದುವಾಗ "ಇದನ್ನು ಒಬ್ಬರೇ ಮಾಡಬೇಕಾದರೆ ಯಾವುದನ್ನು ಬಿಡಬಹುದು?" ಎಂಬ ಪ್ರಶ್ನೆ ಇಟ್ಟುಕೊಂಡೇ ಓದಬೇಕು.

ಮಾಡ್ಯೂಲುಗಳ ರಚನೆ ಚೆನ್ನಾಗಿದೆ. ಜನಾಂಗ ಹತ್ಯೆ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಹೊಣೆಗಾರಿಕೆಯ ಬಗೆಗಳು, ಮೇಲಧಿಕಾರಿಯ ಹೊಣೆ, ಪ್ರತಿರಕ್ಷೆ, ಸಾಕ್ಷ್ಯ ವಿಧಾನ, ಶಿಕ್ಷೆ ಎಂದು ವಿಷಯವಾರು ಭಾಗ ಮಾಡಿದ್ದಾರೆ. ತರಬೇತುದಾರರಿಗೆ ಪ್ರತ್ಯೇಕ ಟಿಪ್ಪಣಿಗಳಿವೆ. ಅಂತರರಾಷ್ಟ್ರೀಯ ಕಾನೂನು ಹೇಳಿ ಮುಗಿಸಿ, ಅದೇ ವಿಷಯ ಬೋಸ್ನಿಯಾದಲ್ಲಿ, ಕ್ರೊಯೇಷಿಯಾದಲ್ಲಿ, ಸರ್ಬಿಯಾದಲ್ಲಿ ಹೇಗೆ ಎಂದು ಬಿಡಿಬಿಡಿಯಾಗಿ ಕೊಟ್ಟಿದ್ದಾರೆ. ಈ ಕೊನೆಯ ಭಾಗವೇ ಅದರ ಜೀವಾಳ. ಯಾಕೆಂದರೆ 1992ರಲ್ಲಿ ಕೃತ್ಯ ನಡೆದಾಗ ಜಾರಿಯಲ್ಲಿದ್ದ 1976ರ ಯುಗೊಸ್ಲಾವ್ ದಂಡ ಸಂಹಿತೆಯಲ್ಲಿ ನಾಗರಿಕರ ಮೇಲಿನ ಯುದ್ಧಾಪರಾಧಕ್ಕೆ 142ನೇ ಕಲಮು ಇತ್ತು, ಜನಾಂಗ ಹತ್ಯೆಗೆ 141 ಇತ್ತು. ಮಾನವತೆಯ ವಿರುದ್ಧದ ಅಪರಾಧಕ್ಕೆ ಕಲಮು ಇರಲಿಲ್ಲ, ಮೇಲಧಿಕಾರಿಯ ಹೊಣೆಗೂ ಇರಲಿಲ್ಲ. 2003ರ ಬೋಸ್ನಿಯಾ ಸಂಹಿತೆಯಲ್ಲಿ 172ನೇ ಕಲಮಿನಲ್ಲಿ ಮೊದಲನೆಯದು, 180ರಲ್ಲಿ ಎರಡನೆಯದು ಬಂತು. ಯಾವ ಸಂಹಿತೆ ಹಚ್ಚಬೇಕು ಎನ್ನುವುದೇ ದೊಡ್ಡ ಜಗಳ.

142ನೇ ಕಲಮಿನಲ್ಲಿ ಇನ್ನೊಂದು ಹೊಂಡ ಇದೆ, ಹೊಸಬರು ಬೀಳುವುದು ಇಲ್ಲೇ. ಆ ಕಲಮು ತನ್ನಷ್ಟಕ್ಕೆ ಪೂರ್ಣವಲ್ಲ. "ಅಂತರರಾಷ್ಟ್ರೀಯ ಕಾನೂನಿನ ನಿಯಮಗಳನ್ನು ಉಲ್ಲಂಘಿಸಿ" ಎಂಬರ್ಥದ ಮಾತು ಅದರಲ್ಲಿದೆ. ಹಾಗಾಗಿ ಯಾವ ನಿಯಮ ಉಲ್ಲಂಘನೆಯಾಯಿತು ಎಂದು ಆರೋಪ ಪಟ್ಟಿಯಲ್ಲಿ ಹೆಸರಿಸಲೇಬೇಕು. ಜಿನೀವಾ ನಾಲ್ಕನೇ ಒಡಂಬಡಿಕೆಯ ಇಂಥ ಕಲಮೋ, ನಾಲ್ಕೂ ಒಡಂಬಡಿಕೆಗಳಿಗೆ ಸಾಮಾನ್ಯವಾದ 3ನೇ ಕಲಮೋ? ನಾಲ್ಕನೇ ಒಡಂಬಡಿಕೆಯ ಗಂಭೀರ ಉಲ್ಲಂಘನೆ ಎಂದು ಬರೆದರೆ ಸಂಘರ್ಷ ಅಂತರರಾಷ್ಟ್ರೀಯ ಸ್ವರೂಪದ್ದು ಎಂದು ರುಜುವಾತು ಮಾಡುವ ಹೊರೆ ಹೆಗಲಿಗೆ ಬೀಳುತ್ತದೆ. ಬಂಧನ ಶಿಬಿರದ ಕೊಲೆಗೆ ಸಾಮಾನ್ಯ 3ನೇ ಕಲಮು ಸಾಕಾಗುವ ಕಡೆ ಸುಮ್ಮನೆ ದೊಡ್ಡ ಕಲಮು ಹಾಕಿ ಕೈ ಸುಟ್ಟುಕೊಳ್ಳುವುದು ಬೇಡ. ಸಶಸ್ತ್ರ ಸಂಘರ್ಷ ಇತ್ತು ಎನ್ನಲು ಬೇಕಾದ ಅಳತೆಗೋಲು ಹೇಗ್‌ನ ಟಾಡಿಚ್ ಪ್ರಕರಣದ 1995ರ ಅಕ್ಟೋಬರ್ 2ರ ಆದೇಶದಿಂದ ಬಂದದ್ದು. ದೇಶದೊಳಗಿನ ಸಂಘರ್ಷವಾದರೆ ಹೊಡೆದಾಟದ ತೀವ್ರತೆ, ಗುಂಪಿನ ಸಂಘಟನೆ ಎರಡನ್ನೂ ತೋರಿಸಬೇಕು. ಇವೆಲ್ಲ ಮಾಡ್ಯೂಲುಗಳು ಒಳ್ಳೆಯ ರೀತಿಯಲ್ಲಿ ಒಪ್ಪಿಸುವ ಪಾಠ.

ಎಡವುವುದು ಮುಂದೆ. ಮೇಲಧಿಕಾರಿಯ ಹೊಣೆಗೆ ಮೂರು ಅಂಶ ಎಂದು ಪಾಠ ಹೇಳುತ್ತದೆ: ಅಧೀನರ ಮೇಲೆ ನಿಜವಾದ ಹಿಡಿತ, ಗೊತ್ತಿತ್ತು ಅಥವಾ ಗೊತ್ತಾಗಲು ಕಾರಣವಿತ್ತು, ತಡೆಯಲಿಲ್ಲ ಇಲ್ಲವೇ ಶಿಕ್ಷಿಸಲಿಲ್ಲ. ಸರಿ. ತರಗತಿಯಲ್ಲಿ ಎಲ್ಲರಿಗೂ ಬಾಯಿಪಾಠ ಬರುತ್ತದೆ. ಆಮೇಲೆ ಒಂದು ಬ್ರಿಗೇಡಿನ ದಿನಚರಿ ಪುಸ್ತಕ, ಪೆಟ್ರೋಲ್ ವಿತರಣೆಯ ರಸೀದಿಗಳು, ಬಡ್ತಿ ಪಟ್ಟಿ, ಶಿಸ್ತುಕ್ರಮದ ಎರಡು ಆದೇಶ ಕೈಗೆ ಕೊಟ್ಟು "ಇದರಲ್ಲಿ ಹಿಡಿತವನ್ನು ಯಾವ ಕಾಗದ ತೋರಿಸುತ್ತದೆ?" ಎಂದು ಕೇಳಿದರೆ ಕೋಣೆ ಸ್ತಬ್ಧ. ಉತ್ತರ ಶಿಸ್ತುಕ್ರಮದ ಆದೇಶದಲ್ಲಿದೆ. ಕುಡಿದು ಗಲಾಟೆ ಮಾಡಿದ ಸೈನಿಕನಿಗೆ ಕಮಾಂಡರ್ ದಂಡ ಹಾಕಿದ್ದಾನೆ ಎಂದರೆ ಶಿಕ್ಷಿಸುವ ಶಕ್ತಿ ಅವನಿಗಿತ್ತು, ಕೈದಿಗಳನ್ನು ಕೊಂದವರ ಮೇಲೆ ಆ ಶಕ್ತಿಯನ್ನು ಬಳಸಲಿಲ್ಲ ಎಂದಾಯಿತು. ಪೆಟ್ರೋಲ್ ರಸೀದಿಯೂ ಕಸವಲ್ಲ: ಯಾವ ಲಾರಿ ಯಾವ ದಿನ ಯಾವ ದಾರಿಗೆ ಹೋಯಿತು ಎಂದು ಅದು ಹೇಳುತ್ತದೆ. ಇಂಥ ಕಾಗದದ ಕಟ್ಟನ್ನು ಕೊಟ್ಟು ಬೆವರಿಳಿಸುವ ಅಭ್ಯಾಸಗಳು ಮಾಡ್ಯೂಲುಗಳಲ್ಲಿ ಸಾಲದು. ಚರ್ಚೆಗೆ ಪ್ರಶ್ನೆಗಳಿವೆ, ಅಗೆಯಲು ಕಡತ ಇಲ್ಲ.

ಹಾಗಾಗಿ ತರಬೇತುದಾರರು ಸಾರ್ವಜನಿಕ ದಾಖಲೆಗಳಿಂದಲೇ ಕಡತ ಕಟ್ಟಿಕೊಳ್ಳಬೇಕು. ಎರಡು ಪ್ರಕರಣ ಸೂಚಿಸುತ್ತೇವೆ.

ಮೊದಲನೆಯದು ಕುಪ್ರೆಶ್ಕಿಚ್. 1993ರ ಏಪ್ರಿಲ್ 16ರ ಬೆಳಗಿನ ಜಾವ ಮಧ್ಯ ಬೋಸ್ನಿಯಾದ ಅಹ್ಮಿಚಿ ಹಳ್ಳಿಯ ಮೇಲೆ ದಾಳಿಯಾಗಿ ನೂರಕ್ಕೂ ಹೆಚ್ಚು ಮುಸ್ಲಿಮರು ಸತ್ತರು. 2000ದ ಜನವರಿ 14ರಂದು ವಿಚಾರಣಾ ಪೀಠ ಜೋರಾನ್, ಮಿರ್ಯಾನ್, ವ್ಲಾಟ್ಕೊ ಕುಪ್ರೆಶ್ಕಿಚ್ ಮೂವರಿಗೆ 10, 8, 6 ವರ್ಷ ಶಿಕ್ಷೆ ಕೊಟ್ಟಿತು. 2001ರ ಅಕ್ಟೋಬರ್ 23ರಂದು ಮೇಲ್ಮನವಿ ಪೀಠ ಮೂವರನ್ನೂ ಖುಲಾಸೆ ಮಾಡಿತು. ಜೋರಾನ್, ಮಿರ್ಯಾನ್ ಇಬ್ಬರನ್ನು ಗುರುತಿಸಿದ್ದು ಮುಖ್ಯವಾಗಿ ಒಬ್ಬಳೇ ಸಾಕ್ಷಿ, ದಾಳಿಯ ದಿನ ಇನ್ನೂ ಬಾಲಕಿ. ಬೆಳಗಿನ ಮಂದ ಬೆಳಕು, ಮುಖಕ್ಕೆ ಬಣ್ಣ ಬಳಿದುಕೊಂಡ ದಾಳಿಕೋರರು, ಭಯ, ಕೆಲವೇ ಕ್ಷಣಗಳ ನೋಟ. ಆಕೆ ಕಟಕಟೆಯಲ್ಲಿ ದೃಢವಾಗಿ ಹೇಳಿದಳು, ವಿಚಾರಣಾ ಪೀಠ ಅದಕ್ಕೆ ಮನಸೋತಿತು. ದೃಢವಾಗಿ ಹೇಳುವುದಕ್ಕೂ ನಂಬಲರ್ಹವಾಗಿರುವುದಕ್ಕೂ ವ್ಯತ್ಯಾಸ ಇದೆ ಎಂದು ಮೇಲ್ಮನವಿ ಪೀಠ ಹೇಳಿತು. ನ್ಯಾಯಾಧೀಶರ ಗುಂಪಿಗೆ ಇದನ್ನು ಕೊಡುವಾಗ ವಿಚಾರಣಾ ತೀರ್ಪಿನ ಗುರುತಿಸುವಿಕೆಯ ಭಾಗವನ್ನು ಮಾತ್ರ ಮೊದಲು ಓದಿಸಿ, ತಲಾ ಒಂದು ಪುಟದಲ್ಲಿ ತಮ್ಮ ತೀರ್ಮಾನ ಬರೆಸಬೇಕು. ಮೇಲ್ಮನವಿ ತೀರ್ಪು ಕೊಡುವುದು ಅದಾದ ಮೇಲೆ. ಮುಂಚೆಯೇ ಕೊಟ್ಟರೆ ಎಲ್ಲರೂ ಜಾಣರಾಗಿಬಿಡುತ್ತಾರೆ.

ಅದೇ ತೀರ್ಪು ಪ್ರಾಸಿಕ್ಯೂಟರುಗಳಿಗೂ ಪಾಠ. ಆ ಸಾಕ್ಷಿ ಇದ್ದ ಮನೆಯ ಮೇಲಿನ ದಾಳಿಯ ವಿವರ, ಇಬ್ಬರ ಪಾತ್ರ, ಸಮುದಾಯದ ಮೇಲಿನ ಕಿರುಕುಳದ (ಪರ್ಸಿಕ್ಯೂಷನ್) ಆರೋಪದಡಿ ಸರಿಯಾಗಿ ಹೇಳಿರಲಿಲ್ಲ. ಸಾಕ್ಷ್ಯ ಬರುತ್ತಾ ಬರುತ್ತಾ ಕೇಸಿನ ರೂಪ ಬದಲಾಗುತ್ತಾ ಹೋಗುವಂತಿಲ್ಲ, ವಿಚಾರಣೆಗೆ ಮೊದಲೇ ಪ್ರಾಸಿಕ್ಯೂಷನ್‌ಗೆ ತನ್ನ ಕೇಸು ಗೊತ್ತಿರಬೇಕು ಎಂಬ ನಿಯಮಕ್ಕೆ ಈಗಲೂ ಈ ತೀರ್ಪನ್ನೇ ಉಲ್ಲೇಖಿಸುತ್ತಾರೆ. ಅಭ್ಯಾಸ ಹೀಗಿರಲಿ: ಒಂದು ಮನೆ, ಒಂದು ದಿನ, ಇಬ್ಬರು ಆರೋಪಿಗಳು. ಆರು ಸಾಲಿನ ಆರೋಪ ಪ್ಯಾರಾ ಬರೆಯಿರಿ. ಸ್ಥಳ, ಹೊತ್ತು, ಸತ್ತವರು, ಪ್ರತಿ ಆರೋಪಿ ಮಾಡಿದ್ದೇನು, ಹೊಣೆಯ ಬಗೆ ಯಾವುದು. "ಇತರರೊಡನೆ ಸೇರಿ" ಎಂದಷ್ಟೇ ಬರೆದು ತೇಲಿಸಿದ ಪ್ಯಾರಾವನ್ನು ಹಿಂದಕ್ಕೆ ಕೊಡಿ.

ಎರಡನೆಯದು, ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ನಡೆದ ಮುಸ್ಲಿಮರ ಸಾಮೂಹಿಕ ಹತ್ಯೆಯ ಕ್ರಸ್ಟಿಚ್ ಪ್ರಕರಣ, ಕದ್ದಾಲಿಕೆಯ ಸಾಕ್ಷ್ಯಕ್ಕೆ. 1995ರ ಜುಲೈ 15ರಂದು ಬೋಸ್ನಿಯಾದ ಸರ್ಬ್ ಸೇನೆಯ ಕರ್ನಲ್ ಬೆಯಾರಾ ಅದೇ ಸೇನೆಯ ಜನರಲ್ ಕ್ರಸ್ಟಿಚ್‌ಗೆ ಫೋನಿನಲ್ಲಿ, ಇನ್ನೂ 3,500 ಪಾರ್ಸೆಲ್ ಹಂಚುವುದಿದೆ, ದಾರಿ ತೋಚುತ್ತಿಲ್ಲ ಎಂದು ಹೇಳುತ್ತಾನೆ. ಪಾರ್ಸೆಲ್ ಎಂದರೆ ಕೈದಿಗಳು ಎಂದು ಪೀಠ ಅರ್ಥ ಮಾಡಿಕೊಂಡಿತು. ಆದರೆ ಈ ಮಾತು ಕೋರ್ಟಿಗೆ ಬಂದದ್ದು ಹೇಗೆ? ಎದುರು ಪಕ್ಷದ ಬೋಸ್ನಿಯಾ ಸರ್ಕಾರಿ ಸೇನೆಯ ಆಪರೇಟರುಗಳು ಗುಡ್ಡದ ಮೇಲಿನ ಠಾಣೆಗಳಲ್ಲಿ ಕೂತು, ಊಹೆರ್ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದನ್ನು ನೋಟ್‌ಬುಕ್‌ಗೆ ಕೈಯಲ್ಲಿ ಬರೆದು, ಅಲ್ಲಿಂದ ಕಂಪ್ಯೂಟರಿಗೆ ಏರಿಸುತ್ತಿದ್ದರು. ಎದುರಾಳಿ ಸೇನೆಯೇ ಬರೆದದ್ದು, ನಂಬುವುದು ಹೇಗೆ ಎಂದು ಆರೋಪಿಯ ಪರ ವಕೀಲರು ಕೇಳುವುದು ಸಹಜ. ಪ್ರಾಸಿಕ್ಯೂಷನ್ ಆಪರೇಟರುಗಳನ್ನೇ ಕಟಕಟೆಗೆ ತಂದಿತು. ಒಂದೇ ಸಂಭಾಷಣೆಯನ್ನು ಬೇರೆ ಬೇರೆ ಠಾಣೆಯವರು ಸ್ವತಂತ್ರವಾಗಿ ಬರೆದದ್ದನ್ನು ಪಕ್ಕಪಕ್ಕ ಇಟ್ಟಿತು. ಸಂಭಾಷಣೆಯಲ್ಲಿ ಬಂದ ಘಟನೆಗಳನ್ನು ಬೇರೆ ದಾಖಲೆಗಳು, ಆಕಾಶದಿಂದ ತೆಗೆದ ಚಿತ್ರಗಳ ಜೊತೆ ತಾಳೆ ಹಾಕಿತು. ಅಭ್ಯಾಸದಲ್ಲಿ ಮಾಡಿಸಬೇಕಾದದ್ದು ಈ ಸರಪಳಿಯನ್ನೇ: ಟೇಪ್, ನೋಟ್‌ಬುಕ್, ಮುದ್ರಿತ ಪ್ರತಿ. ಯಾವ ಕೊಂಡಿಗೆ ಯಾವ ಸಾಕ್ಷಿ? ಟೇಪ್ ಅಳಿಸಿಹೋಗಿದ್ದರೆ ಏನು? ಹೆಸರು ಕೇಳಿಸದೆ ಅಡ್ಡಹೆಸರು ಮಾತ್ರ ಇದ್ದರೆ ಮಾತಾಡಿದವನು ಇವನೇ ಎಂದು ತೋರಿಸುವುದು ಹೇಗೆ?

ಈ ಎರಡೂ ಅಭ್ಯಾಸಕ್ಕೆ ಒಂದು ರುಜುವಾತು ಕೋಷ್ಟಕ ಹಾಕಿಸುವುದು ಒಳ್ಳೆಯದು. ಅಪರಾಧದ ಅಂಶ, ಅದನ್ನು ತೋರಿಸುವ ಸಂಗತಿ, ಸಾಕ್ಷ್ಯ, ಅದು ಎಲ್ಲಿಂದ ಬಂತು, ಕೋರ್ಟಿನಲ್ಲಿ ಅದನ್ನು ಹಾಜರುಪಡಿಸುವ ಸಾಕ್ಷಿ, ಅದರ ದೌರ್ಬಲ್ಯ, ಆರೋಪಿಗೆ ಅನುಕೂಲವಾದ ಸಾಕ್ಷ್ಯ. ಕೊನೆಯ ಕಾಲಮ್ಮನ್ನು ಖಾಲಿ ಬಿಟ್ಟವರಿಗೆ ಹೇಗ್‌ನ ನಿಯಮ 68 ತೋರಿಸಿ: ಆರೋಪಿಗೆ ಅನುಕೂಲವಾದದ್ದು ಕೈಯಲ್ಲಿದ್ದರೆ ಕೊಡಲೇಬೇಕು. ಕೋಷ್ಟಕ ತುಂಬಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಕೊಲೆ ನಡೆಯಿತು ಎನ್ನುವ ಸಾಲುಗಳಲ್ಲಿ ಹತ್ತಾರು ಸಾಕ್ಷಿ, ಆರೋಪಿಯ ಕೊಂಡಿಯ ಸಾಲಿನಲ್ಲಿ ಒಂದೋ ಎರಡೋ. ಮುಂದಿನ ತಿಂಗಳ ತನಿಖೆ ಎಲ್ಲಿ ನಡೆಯಬೇಕು ಎಂದು ಆಗ ಯಾರೂ ಹೇಳಿಕೊಡಬೇಕಿಲ್ಲ.

ಡೇಟಾಬೇಸುಗಳ ವಿಷಯ. ಹೇಗ್‌ನ ಪ್ರಾಸಿಕ್ಯೂಟರ್ ಕಚೇರಿಯ ಸಾಕ್ಷ್ಯ ಭಂಡಾರ 90 ಲಕ್ಷ ಪುಟಗಳಿಗೂ ಮಿಕ್ಕಿದ್ದು. ಅದರಲ್ಲಿ ಗೋಪ್ಯವಲ್ಲದ ಭಾಗವನ್ನು ಆ ಪ್ರದೇಶದ ಪ್ರಾಸಿಕ್ಯೂಟರುಗಳು ದೂರದಿಂದಲೇ ಹುಡುಕುವ ವ್ಯವಸ್ಥೆ ಇತ್ತು. ಸಾರ್ವಜನಿಕರಿಗೆ ಅದು ತೆರೆದಿಲ್ಲ. ನಮ್ಮಂಥವರಿಗೆ ಕೋರ್ಟ್ ದಾಖಲೆಗಳ ಸಾರ್ವಜನಿಕ ಡೇಟಾಬೇಸೂ ಮೇಲ್ಮನವಿ ತೀರ್ಪುಗಳ ವಿಷಯವಾರು ಸಂಗ್ರಹವೂ ಸಿಗುತ್ತವೆ. ನ್ಯಾಯಮಂಡಳಿಯ ಉಳಿಕೆ ಕೆಲಸ ನೋಡಿಕೊಳ್ಳುವ ಮೆಕ್ಯಾನಿಸಮ್ ಸಂಸ್ಥೆ ಅವನ್ನು ಇಟ್ಟುಕೊಂಡಿದೆ. ಎರಡನೆಯದರಿಂದ ಶುರು ಮಾಡಿ. ವಿಷಯ ಆರಿಸಿದರೆ ಸಂಬಂಧಪಟ್ಟ ಪ್ಯಾರಾ ಬರುತ್ತದೆ, ಅಲ್ಲಿಂದ ಪೂರ್ಣ ತೀರ್ಪಿಗೆ ಹೋಗಬಹುದು.

ಹುಡುಕುವಾಗ ತೊಂದರೆ ಕೊಡುವುದು ಹೆಸರುಗಳು. ಸಿರಿಲಿಕ್ ಲಿಪಿಯ ಹಳೆಯ ಕಾಗದ, ಲ್ಯಾಟಿನ್ ಲಿಪಿಯ ಚುಕ್ಕೆ-ಗೆರೆ ಇರುವ ಅಕ್ಷರ, ಆ ಗೆರೆ ಬಿಟ್ಟ ಇಂಗ್ಲಿಷ್ ಅನುವಾದ, ಹೀಗೆ ಒಂದೇ ಹೆಸರಿಗೆ ಮೂರು ನಾಲ್ಕು ರೂಪ. ಸ್ಕ್ಯಾನ್ ಮಾಡಿದ ಕೈಬರಹ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಹೆಸರಿನಲ್ಲಿ ಸಿಗದಿದ್ದರೆ ಊರು, ತಾರೀಖು, ಘಟಕದ ಹೆಸರು, ಅಡ್ಡಹೆಸರು ಹಾಕಿ ನೋಡಬೇಕು. ಹುಡುಕಿದ ಪದಗಳ ಪಟ್ಟಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. "ಆರೋಪಿಗೆ ಅನುಕೂಲವಾದದ್ದನ್ನು ಹುಡುಕಿದಿರಾ?" ಎಂದು ಕೋರ್ಟು ಕೇಳಿದಾಗ ತೋರಿಸಲು ಅದೇ ಇರುವುದು.

ಹೇಗ್‌ನ ಸಾಕ್ಷ್ಯವನ್ನು ಊರಿನ ಕೋರ್ಟಿಗೆ ತರುವುದಕ್ಕೂ ಕ್ರಮ ಇದೆ. ಹೇಗ್‌ನ ತೀರ್ಪಿನಲ್ಲಿ ರುಜುವಾತಾದ ಸಂಗತಿಗಳನ್ನು ಒಪ್ಪಿಕೊಳ್ಳಲು ಬೋಸ್ನಿಯಾದ ವರ್ಗಾವಣೆ ಕಾನೂನು ಅವಕಾಶ ಕೊಡುತ್ತದೆ. ಆದರೆ ಸಂಗತಿ ಬಿಡಿಯಾಗಿ, ಸ್ಪಷ್ಟವಾಗಿರಬೇಕು. ಕಾನೂನಿನ ತೀರ್ಮಾನವಾಗಿರಬಾರದು. ತಪ್ಪೊಪ್ಪಿಗೆಯ ಒಪ್ಪಂದದಿಂದ ಬಂದಿರಬಾರದು. ಈ ಆರೋಪಿಯ ಸ್ವಂತ ಕೃತ್ಯದ ಬಗ್ಗೆ ಇರಬಾರದು. ತೀರ್ಪಿನಿಂದ ಹತ್ತು ಪುಟ ಕತ್ತರಿಸಿ ಅಂಟಿಸಿದ ಅರ್ಜಿ ತಿರಸ್ಕೃತವಾಗುವುದು ಇದಕ್ಕೇ. ಒಂದು ಸಂಗತಿಗೆ ಒಂದು ವಾಕ್ಯ, ಎದುರಿಗೆ ಪ್ಯಾರಾ ಸಂಖ್ಯೆ, ಅಷ್ಟೇ. ಕೋರ್ಟಿಗೆ ಬಾರದ ಸಾಕ್ಷಿಯ ಹಳೆಯ ಹೇಳಿಕೆಯನ್ನು ಓದಬಹುದು, ಆದರೆ ಶಿಕ್ಷೆ ಅದೊಂದರ ಮೇಲೆಯೇ ಅಥವಾ ಮುಖ್ಯವಾಗಿ ಅದರ ಮೇಲೆಯೇ ನಿಲ್ಲುವಂತಿಲ್ಲ. ರಕ್ಷಣೆ ಪಡೆದ ಸಾಕ್ಷಿಯಾದರೆ ಇನ್ನೂ ಒಂದು ಮೆಟ್ಟಿಲು: ಹೇಗ್‌ನಲ್ಲಿ ಕೊಟ್ಟ ಗುಪ್ತನಾಮ, ಮುಖ ಮರೆಸುವ ಆದೇಶ ಇಲ್ಲಿಯೂ ಜಾರಿಯಲ್ಲಿರುತ್ತದೆ. ಬದಲಾಯಿಸಬೇಕಾದರೆ ಹೇಗ್‌ಗೇ ಅರ್ಜಿ ಹಾಕಬೇಕು, ಮೊದಲು ನಿಯಮ 75ರಡಿ ಹಾಕುತ್ತಿದ್ದರು. ಇದಕ್ಕೆ ಹಿಡಿಯುವ ಸಮಯ ಲೆಕ್ಕ ಹಾಕದೆ ಸಾಕ್ಷಿ ಪಟ್ಟಿ ಕೊಟ್ಟವರು ವಿಚಾರಣೆಯ ಮಧ್ಯೆ ಮುಂದೂಡಿಕೆ ಕೇಳಬೇಕಾಗುತ್ತದೆ.

ಈಗ ಹಳತಾದ ಭಾಗಗಳು. ಇದನ್ನು ಓದದೆ ಮಾಡ್ಯೂಲುಗಳನ್ನು ಹಾಗೇ ಹಂಚಬೇಡಿ. 2013ರ ಜುಲೈ 18ರಂದು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯ ಮಕ್ತೂಫ್ ಮತ್ತು ದಮ್ಯಾನೊವಿಚ್ ಪ್ರಕರಣದಲ್ಲಿ, ಹಿಂದಿನ ಕೃತ್ಯಕ್ಕೆ 2003ರ ಸಂಹಿತೆ ಹಚ್ಚಿ ಶಿಕ್ಷೆ ಕೊಟ್ಟದ್ದು ತಪ್ಪು ಎಂದಿತು. 1976ರ ಸಂಹಿತೆಯಲ್ಲಿ ಕನಿಷ್ಠ ಶಿಕ್ಷೆ 5 ವರ್ಷ, 2003ರದರಲ್ಲಿ 10 ವರ್ಷ. ಆಮೇಲೆ ಬೋಸ್ನಿಯಾದ ಹಲವು ತೀರ್ಪುಗಳು ರದ್ದಾದವು. ಶಿಕ್ಷೆಯ ಪಾಠ ಓದುವಾಗ ಇದು ಪಕ್ಕದಲ್ಲಿರಲಿ. ನೆರವು ನೀಡಿದ ಹೊಣೆಯಲ್ಲಿ ನೆರವು ಅಪರಾಧಕ್ಕೇ ನೇರವಾಗಿ ಗುರಿಯಿಟ್ಟಿರಬೇಕು ಎಂದು ಹೇಗ್‌ನ 2013ರ ಫೆಬ್ರುವರಿಯ ಪೆರಿಶಿಚ್ ತೀರ್ಪು ಹೇಳಿತು. ಮರುವರ್ಷ ಜನವರಿಯಲ್ಲಿ ಶಾಯಿನೊವಿಚ್ ತೀರ್ಪು ಅದನ್ನು ತಳ್ಳಿಹಾಕಿತು. ಈ ಗಲಿಬಿಲಿ ಪಾಠದಲ್ಲಿ ಇರಲು ಸಾಧ್ಯವೇ ಇಲ್ಲ. ಶೆಲ್ ದಾಳಿಯ ಬಗ್ಗೆ 2012ರ ನವೆಂಬರಿನ ಗೊಟೊವಿನಾ ಮೇಲ್ಮನವಿ ತೀರ್ಪು, ಗುರಿಯಿಂದ 200 ಮೀಟರ್ ಒಳಗೆ ಬಿದ್ದರೆ ಸರಿ, ಹೊರಗೆ ಬಿದ್ದರೆ ತಪ್ಪು ಎಂಬ ವಿಚಾರಣಾ ಪೀಠದ ಲೆಕ್ಕವನ್ನು ಒಪ್ಪಲಿಲ್ಲ. ಸರ್ಬಿಯಾದಲ್ಲಿ 2012ರ ಜನವರಿಯಿಂದ ಯುದ್ಧಾಪರಾಧ ಪ್ರಕರಣಗಳಿಗೆ ಹೊಸ ಪ್ರಕ್ರಿಯಾ ಸಂಹಿತೆ ಬಂದಿದೆ, ಅಲ್ಲಿನ ವಿಧಾನದ ಪುಟಗಳನ್ನು ಬಿಟ್ಟೇಬಿಡಿ.

ಇನ್ನೂ ದೊಡ್ಡ ಕಂದಕ ಮೊಬೈಲ್ ವೀಡಿಯೊ. 2017ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಲಿಬಿಯಾದ ಅಲ್-ವರ್ಫಲ್ಲಿಯ ಮೇಲೆ ಹೊರಡಿಸಿದ ವಾರಂಟು ಬಹುಮಟ್ಟಿಗೆ ಸಾಮಾಜಿಕ ಜಾಲತಾಣದ ವೀಡಿಯೊಗಳ ಮೇಲೆ ನಿಂತಿತ್ತು. 2011ರ ಸಾಮಗ್ರಿಗೆ ಇದರ ಕಲ್ಪನೆಯೂ ಇಲ್ಲ. ಆ ಭಾಗಕ್ಕೆ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ಬರ್ಕ್ಲಿ ಪ್ರೋಟೊಕಾಲ್ ಸೇರಿಸಿಕೊಳ್ಳಿ, ಅದೂ ಪುಕ್ಕಟೆ. ಉಕ್ರೇನಿನ ಪ್ರಾಸಿಕ್ಯೂಟರುಗಳಿಗೆ ತರಬೇತಿ ಕಟ್ಟುವವರು ಯುಗೊಸ್ಲಾವಿಯಾ ಮಾಡ್ಯೂಲನ್ನು ಅನುವಾದಿಸಿ ಕೊಟ್ಟರೆ ಸಾಲದು. ಅಲ್ಲಿ ದಂಡ ಸಂಹಿತೆಯ 438ನೇ ಕಲಮು ಕೂಡ 142ರ ಹಾಗೆಯೇ ಹೊರಗಿನ ನಿಯಮದ ಮೇಲೆ ನಿಂತದ್ದು, ಆ ಪಾಠ ಹೊಂದುತ್ತದೆ. ಡ್ರೋನ್ ದೃಶ್ಯ, ಟೆಲಿಗ್ರಾಮ್ ಚಾನೆಲ್‌ಗಳ ಪಾಠ ಹೊಸದಾಗಿಯೇ ಬರೆಯಬೇಕು.

ತರಗತಿ ನಡೆಸುವವರಿಗೆ ಒಂದೆರಡು ಮಾತು. ಒಂದು ಗುಂಪಿಗೆ 20 ಜನ ಮೀರಬಾರದು, ಅಭ್ಯಾಸಕ್ಕೆ ಐದೈದರ ತಂಡ. ಮೂರು ದಿನ ಇದ್ದರೆ ಉಪನ್ಯಾಸ ಒಂದೇ ದಿನದಷ್ಟಿರಲಿ, ಉಳಿದದ್ದು ಕಡತ. ಓದುವ ಸಾಮಗ್ರಿ ಎರಡು ವಾರ ಮುಂಚೆ ತಲುಪಲಿ, ಅದು 60 ಪುಟ ದಾಟಿದರೆ ಯಾರೂ ಓದುವುದಿಲ್ಲ. ನ್ಯಾಯಾಧೀಶರನ್ನೂ ಪ್ರಾಸಿಕ್ಯೂಟರುಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದಾದರೆ ಆರೋಪಿಯ ಪರ ವಕೀಲರೂ ಇರಲೇಬೇಕು. ಇಲ್ಲದಿದ್ದರೆ ಪ್ರಾಸಿಕ್ಯೂಷನ್ ಜೊತೆ ಕೂತು ಪಾಠ ಕಲಿತ ನ್ಯಾಯಾಧೀಶರು ಎಂಬ ಮಾತು ಮುಂದೆ ಕೋರ್ಟಿನಲ್ಲಿ ಬರುತ್ತದೆ, ಬಂದರೆ ತಪ್ಪೇನಲ್ಲ. ನಡೆಯುತ್ತಿರುವ ಪ್ರಕರಣವನ್ನು ಉದಾಹರಣೆಗೆ ತೆಗೆದುಕೊಳ್ಳಲೇಬಾರದು. ಹೊರದೇಶದ ತಜ್ಞರು ಬಂದು ಅಮೆರಿಕನ್ ಶೈಲಿಯ ಪಾಟೀ ಸವಾಲು ತೋರಿಸಿ ಹೋಗುವುದು ಹಳೆಯ ಕಾಯಿಲೆ. 2003ರವರೆಗೂ ತನಿಖಾ ನ್ಯಾಯಾಧೀಶರ ಪದ್ಧತಿಯಲ್ಲಿ ಪಳಗಿದವರಿಗೆ ಅದು ನಾಟಕದಂತೆ ಕಾಣಿಸಿದ್ದರೆ ಆಶ್ಚರ್ಯವಿಲ್ಲ. ಸಮಾನ ಹುದ್ದೆಯವರು, ಉದಾಹರಣೆಗೆ ಬೆಲ್‌ಗ್ರೇಡಿನ ಪ್ರಾಸಿಕ್ಯೂಟರ್ ಮತ್ತು ಸರಾಯೆವೊದ ಪ್ರಾಸಿಕ್ಯೂಟರ್, ಎದುರುಬದುರು ಕೂತು ಕಡತ ಬಿಚ್ಚಿದ ಕಡೆ ಕಲಿಕೆ ಹೆಚ್ಚು. 2009ರಿಂದ ಬೋಸ್ನಿಯಾ, ಕ್ರೊಯೇಷಿಯಾ, ಸರ್ಬಿಯಾದ ಸಂಪರ್ಕ ಪ್ರಾಸಿಕ್ಯೂಟರುಗಳನ್ನು ಹೇಗ್‌ನ ಕಚೇರಿಯಲ್ಲೇ ಕೂರಿಸಿದ ವ್ಯವಸ್ಥೆ ಫಲ ಕೊಟ್ಟದ್ದು ಹೀಗೆ.

ಲೈಂಗಿಕ ದೌರ್ಜನ್ಯದ ಸಾಕ್ಷಿಯನ್ನು ಪ್ರಶ್ನಿಸುವ ಅಭ್ಯಾಸಕ್ಕೆ ನಿಜವಾದ ಸಂತ್ರಸ್ತರನ್ನು ಕರೆತರಬೇಡಿ, ಅವರ ಹೇಳಿಕೆಯ ಪೂರ್ಣಪಾಠವನ್ನೂ ಹಂಚಬೇಡಿ. ಹೇಗ್‌ನ ನಿಯಮ 96 (ಇಂಥ ಸಾಕ್ಷ್ಯಕ್ಕೆ ಬೇರೆ ಸಾಕ್ಷಿಯ ಬೆಂಬಲ ಬೇಕಿಲ್ಲ, ಹಿಂದಿನ ನಡತೆಯ ಪ್ರಶ್ನೆ ಇಲ್ಲ) ಮತ್ತು 2002ರ ಜೂನ್ 12ರ ಕುನಾರಾಟ್ಸ್ ಮೇಲ್ಮನವಿ ತೀರ್ಪು ಸಾಕು. ಬಂಧನದಲ್ಲಿದ್ದವಳು ಪ್ರತಿರೋಧ ತೋರಿಸಿದಳೇ ಎಂದು ಕೇಳುವುದು ಕಾನೂನಿಗೆ ಬೇಕಿಲ್ಲ ಎನ್ನುವುದು ಅಲ್ಲಿ ಇತ್ಯರ್ಥವಾಗಿದೆ.

ಕನ್ನಡದ ವಕೀಲರಿಗೆ, ಮೂಟ್ ಕೋರ್ಟಿಗೆ (ಅಣಕು ನ್ಯಾಯಾಲಯದ ಸ್ಪರ್ಧೆಗೆ) ಹೊರಟ ವಿದ್ಯಾರ್ಥಿಗಳಿಗೆ ಇದರಿಂದ ಏನು? ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಕಟ್ಟಿದ ರೋಮ್ ಶಾಸನಕ್ಕೆ ಭಾರತ ಸೇರಿಲ್ಲ. 1960ರ ಜಿನೀವಾ ಒಡಂಬಡಿಕೆಗಳ ಕಾಯಿದೆ ಇದೆ, ಆದರೆ ಅದರ 17ನೇ ಕಲಮಿನ ಪ್ರಕಾರ ಸರ್ಕಾರದ ದೂರಿಲ್ಲದೆ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಜನಾಂಗ ಹತ್ಯೆಯಾಗಲಿ ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ದಂಡ ಕಾನೂನಿನಲ್ಲಿ ಇಲ್ಲ, ಈ ಲೋಪವನ್ನು ತುರ್ತಾಗಿ ಸರಿಪಡಿಸಬೇಕು ಎಂದು ದಿಲ್ಲಿ ಹೈಕೋರ್ಟು 2018ರ ಡಿಸೆಂಬರ್ 17ರ ಸಜ್ಜನ್ ಕುಮಾರ್ ತೀರ್ಪಿನಲ್ಲಿ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅವು ಇಲ್ಲ. ಆದರೂ ಹೊಣೆಗಾರಿಕೆಯ ಮಾಡ್ಯೂಲು ನಮ್ಮವರಿಗೆ ಅಪರಿಚಿತವಾಗಿ ಕಾಣುವುದಿಲ್ಲ. 1999ರ ಜುಲೈ 15ರ ಟಾಡಿಚ್ ಮೇಲ್ಮನವಿ ತೀರ್ಪು ಯಾಸ್ಕಿಚಿ ಹಳ್ಳಿಯಲ್ಲಿ ಸತ್ತ ಐವರ ಕೊಲೆಗೆ, ಕೊಂದದ್ದು ಟಾಡಿಚ್‌ನೇ ಎಂದು ರುಜುವಾತಾಗದಿದ್ದರೂ, ಅಪರಾಧಕ್ಕೆಂದು ಸೇರಿದ ಕೂಟದ ಗುರಿ ಸಾಧಿಸುವಾಗ ಹೀಗಾಗಬಹುದು ಎಂದು ಗೊತ್ತಿದ್ದೂ ಸೇರಿಕೊಂಡ ಎಂಬ ಆಧಾರದ ಮೇಲೆ ಹೊಣೆ ಹೊರಿಸಿತು. ಅಕ್ರಮ ಕೂಟದ ಪ್ರತಿ ಸದಸ್ಯನ ಹೊಣೆ ಹೇಳುವ ಐಪಿಸಿ 149, ಈಗಿನ ಸಂಹಿತೆಯ 190, ಓದಿದವರಿಗೆ ಇದು ಎಲ್ಲೋ ಕೇಳಿದಂತಿದೆ ಅನಿಸದೆ ಇರದು. ವ್ಯತ್ಯಾಸವೂ ಇದೆ: ನಮ್ಮಲ್ಲಿ ಐವರು ಬೇಕು, ಅಲ್ಲಿ ಒಂದಕ್ಕಿಂತ ಹೆಚ್ಚು ಜನ ಇದ್ದರೆ ಆಯಿತು. ಮತ್ತು 2007ರ ಬರ್ಜಾನಿನ್ ಮೇಲ್ಮನವಿ ತೀರ್ಪಿನ ಪ್ರಕಾರ ಕೈಯಾರೆ ಕೊಂದವನು ಕೂಟದ ಸದಸ್ಯನೇ ಆಗಿರಬೇಕಿಲ್ಲ. ಮೂಟ್ ತಂಡಗಳು ಈ ಎರಡನ್ನು ಪಕ್ಕಪಕ್ಕ ಇಟ್ಟು ಓದಿದರೆ ಮೆಮೋರಿಯಲ್‌ನ (ಲಿಖಿತ ವಾದದ) ಅರ್ಧ ತೊಡಕು ಬಿಡಿಸಿದಂತೆ.

ಡೌನ್‌ಲೋಡ್ ಮಾಡುವವರು ಈ ಕ್ರಮ ಹಿಡಿಯಬಹುದು. ಕೈಪಿಡಿಯ ತನಿಖೆ, ಆರೋಪ ಪಟ್ಟಿ, ತೀರ್ಪಿನ ಕರಡು ಅಧ್ಯಾಯಗಳು ಮೊದಲು. ಆಮೇಲೆ ಕುಪ್ರೆಶ್ಕಿಚ್ ಮೇಲ್ಮನವಿ ತೀರ್ಪು ಪೂರ್ತಿ. ಅದಾದ ಮೇಲೆ ಹೊಣೆಗಾರಿಕೆ ಮತ್ತು ಸಾಕ್ಷ್ಯದ ಮಾಡ್ಯೂಲುಗಳು. ಜನಾಂಗ ಹತ್ಯೆಯ ಮಾಡ್ಯೂಲು ಕೊನೆಗಿರಲಿ. ಎಲ್ಲರೂ ಮೊದಲು ತೆರೆಯುವುದು ಅದನ್ನೇ, ಆದರೆ ಊರಿನ ಕೋರ್ಟಿನ ಕಡತಗಳಲ್ಲಿ ಬಹುಪಾಲು ಸಾದಾ ಯುದ್ಧಾಪರಾಧದವು. ಆರೋಪಿಯ ಪರ ವಾದಿಸುವವರಿಗೆ ಹೇಗ್‌ನ ಪ್ರತಿವಾದಿ ವಕೀಲರ ಸಂಘ ಇದೇ ಯೋಜನೆಯಡಿ 2011ರಲ್ಲಿ ತಂದ ಪ್ರತ್ಯೇಕ ಕೈಪಿಡಿ ಇದೆ. ಪ್ರಾಸಿಕ್ಯೂಟರುಗಳೂ ಅದನ್ನು ಇಳಿಸಿಕೊಳ್ಳುವುದು ಒಳ್ಳೆಯದು, ಎದುರು ಪಕ್ಷ ಎಲ್ಲಿ ಹೊಡೆಯುತ್ತದೆ ಎಂದು ಅದರಲ್ಲೇ ಬರೆದಿದೆ.